ಸಿಐನಲ್ಲಿ ಟೆಸ್ಟ್ ಯಾವಾಗ ಆನ್ ಮಾಡಬೇಕು? ಹಂತ ಹಂತವಾಗಿ

"ಟೆಸ್ಟ್ ಬರೆದಿದ್ದೇವೆ, ಸಿಐ ಕೂಡ ಇದೆ. ಆದರೆ ಸಿಐನಲ್ಲಿ ಟೆಸ್ಟ್ ಓಡಿಸ್ತಾ ಇಲ್ಲ. ಯಾವಾಗ ಶುರು ಮಾಡೋದು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. (ಟೆಸ್ಟ್ ಅಂದರೆ ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ನೋಡುವ ಪುಟ್ಟ ಕೋಡ್. ಸಿಐ ಅಂದರೇನು ಅಂತ ಕೆಳಗೆ ಹೇಳಿದ್ದೇನೆ.) ಕೆಲವರಿಗೆ ಟೆಸ್ಟ್ ತುಂಬಾ ಕಮ್ಮಿ ಇವೆ ಅನ್ನುವ ಅಳುಕು. ಇನ್ನು ಕೆಲವರ ಹತ್ತಿರ ಸಾವಿರಾರು ಟೆಸ್ಟ್ ಇವೆ, ಅದರಲ್ಲಿ ಒಂದಷ್ಟು ಯಾವಾಗಲೂ ಫೇಲ್. ಆನ್ ಮಾಡಿದರೆ ಎಲ್ಲರ ಕೆಲಸ ನಿಂತುಹೋಗುತ್ತದೆ ಅನ್ನುವ ಭಯ.

ಇಬ್ಬರಿಗೂ ನನ್ನ ಉತ್ತರ ಒಂದೇ. ಇಲ್ಲಿರುವುದು ಎರಡು ಸ್ವಿಚ್. ಒಂದು, ಟೆಸ್ಟ್ ಓಡಿಸುವುದು. ಇನ್ನೊಂದು, ಟೆಸ್ಟ್ ಫೇಲ್ ಆದರೆ ಮರ್ಜ್ ತಡೆಯುವುದು, ಅಂದರೆ ಆ ಬದಲಾವಣೆ ಮುಖ್ಯ ಕೋಡ್ ಸೇರದಂತೆ ನಿಲ್ಲಿಸುವುದು. ಮೊದಲನೆಯದನ್ನು ಇವತ್ತೇ ಹಾಕಿ, ಇರುವುದು ಒಂದೇ ಟೆಸ್ಟ್ ಆದರೂ ಸರಿ. ಎರಡನೆಯದಕ್ಕೆ ಅವಸರ ಬೇಡ. ಕೆಂಪು (ಸಿಐನಲ್ಲಿ ಫೇಲ್ ಆದದ್ದರ ಗುರುತು) ಬಂತು ಅಂದರೆ ಕೋಡ್‌ನಲ್ಲಿ ನಿಜವಾಗಿಯೂ ಏನೋ ಕೆಟ್ಟಿದೆ ಅಂತ ತಂಡದವರು ನಂಬುವ ಹೊತ್ತಿಗೆ ಅದನ್ನು ಹಾಕಿ. ಈ ಎರಡನ್ನೂ ಒಂದೇ ದಿನ ಹಾಕಲು ಹೋಗಿ, ಗಲಾಟೆಯಾಗಿ, ಎರಡನ್ನೂ ಆಫ್ ಮಾಡಿದ ತಂಡಗಳೇ ಜಾಸ್ತಿ.

ಮೊದಲು ಕೆಲವು ಪದ

ಸಿಐ ಅಂದರೆ ಕಂಟಿನ್ಯುಯಸ್ ಇಂಟಿಗ್ರೇಷನ್. ತಂಡದವರೆಲ್ಲ ಬರೆದ ಕೋಡನ್ನು ಆಗಾಗ ಒಂದುಗೂಡಿಸಿ, ಪ್ರತಿ ಸಲವೂ ಒಂದು ಸರ್ವರ್ ತಾನಾಗಿಯೇ ಅದನ್ನು ಬಿಲ್ಡ್ ಮಾಡಿ ಪರೀಕ್ಷಿಸುವ ಪದ್ಧತಿ. 1990ರ ದಶಕದ ಕೊನೆಯಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಸಾಫ್ಟ್‌ವೇರ್ ಪದ್ಧತಿಯವರು ಇದನ್ನು ಬಳಕೆಗೆ ತಂದಾಗಲೇ ಟೆಸ್ಟ್ ಅದರ ಭಾಗವಾಗಿತ್ತು. ಈಗ ಸುಮಾರು ಪ್ರಾಜೆಕ್ಟ್‌ಗಳಲ್ಲಿ ಸಿಐ ಅಂದರೆ ಬರೀ "ಕಂಪೈಲ್ ಆಯ್ತಾ" ಅಂತ ನೋಡುವುದಷ್ಟೇ ಆಗಿದೆ.

ಪೈಪ್‌ಲೈನ್ ಅಂದರೆ ಆ ಸರ್ವರ್ ಮಾಡುವ ಕೆಲಸಗಳ ಸಾಲು. ಅದರ ಒಂದೊಂದು ಕೆಲಸ ಒಂದೊಂದು ಜಾಬ್. ಅದನ್ನು ಓಡಿಸುವ ಯಂತ್ರಕ್ಕೆ ರನ್ನರ್ ಅನ್ನುತ್ತಾರೆ. ಪಿಆರ್ ಅಂದರೆ ಪುಲ್ ರಿಕ್ವೆಸ್ಟ್, "ನನ್ನ ಬದಲಾವಣೆ ಸೇರಿಸಿಕೊಳ್ಳಿ" ಅನ್ನುವ ಕೋರಿಕೆ. ಗಿಟ್‌ಹಬ್, ಗಿಟ್‌ಲ್ಯಾಬ್ ಎರಡೂ ಕೋಡ್ ಇಡುವ ತಾಣಗಳು. ಗಿಟ್‌ಲ್ಯಾಬ್‌ನಲ್ಲಿ ಇದಕ್ಕೆ ಮರ್ಜ್ ರಿಕ್ವೆಸ್ಟ್ ಅಂತ ಹೆಸರು. ಉಳಿದ ಪದಗಳು ಬಂದಲ್ಲೇ ಹೇಳುತ್ತೇನೆ.

ಏನೇನು ಬೇಕು

ಕೋಡ್ ಗಿಟ್‌ನಲ್ಲಿ, ಅಂದರೆ ಬದಲಾವಣೆಗಳ ಇತಿಹಾಸ ಇಡುವ ಟೂಲ್‌ನಲ್ಲಿ, ಇರಬೇಕು. ಗಿಟ್‌ಹಬ್ ಆಕ್ಷನ್ಸ್, ಗಿಟ್‌ಲ್ಯಾಬ್ ಸಿಐ, ಜೆಂಕಿನ್ಸ್, ಇವುಗಳಲ್ಲಿ ಯಾವುದಾದರೂ ಒಂದು ಇರಬೇಕು. ಕೊನೆಪಕ್ಷ ಒಂದು ಟೆಸ್ಟ್ ಇರಬೇಕು. ಆರನೇ ಹಂತಕ್ಕೆ ರೆಪೊಸಿಟರಿಯ (ಪ್ರಾಜೆಕ್ಟ್‌ನ ಕೋಡ್ ಇಟ್ಟಿರುವ ಜಾಗದ) ಸೆಟ್ಟಿಂಗ್ಸ್ ಬದಲಿಸುವ ಅನುಮತಿಯೂ ಬೇಕು. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ಯಾರ ಹತ್ತಿರ ಇದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಅಲ್ಲಿಗೆ ಬಂದು ನಿಂತು ವಾರಗಟ್ಟಲೆ ಕಾಯುವುದು ಮಾಮೂಲಿ.

1. ಒಂದೇ ಕಮಾಂಡ್‌ಗೆ ಟೆಸ್ಟ್ ಓಡುತ್ತದೆಯೇ ನೋಡಿ

ಹೊಸ ಫೋಲ್ಡರ್‌ಗೆ ಹೋಗಿ ರೆಪೊಸಿಟರಿಯನ್ನು ಹೊಸದಾಗಿ ಕ್ಲೋನ್ ಮಾಡಿ, ಅಂದರೆ ಅದರ ಪ್ರತಿ ಇಳಿಸಿಕೊಳ್ಳಿ. ರೀಡ್‌ಮಿಯಲ್ಲಿ ಇರುವಷ್ಟನ್ನೇ ಮಾಡಿ, ಟೆಸ್ಟ್ ಓಡಿಸಿ. ನೀವು ದಿನಾ ಕೆಲಸ ಮಾಡುವ ಫೋಲ್ಡರ್‌ನಲ್ಲಿ ಓಡಿಸಿ ನೋಡಿದರೆ ಪ್ರಯೋಜನವಿಲ್ಲ. ಅಲ್ಲಿ ಯಾವತ್ತೋ ಹಾಕಿದ ಎನ್ವಿರಾನ್ಮೆಂಟ್ ವೇರಿಯಬಲ್, ಗಿಟ್‌ಗೆ ಸೇರಿಸಲು ಮರೆತ ಕಾನ್ಫಿಗ್ ಫೈಲ್, ಹಿನ್ನೆಲೆಯಲ್ಲಿ ಓಡುತ್ತಿರುವ ಡೇಟಾಬೇಸ್ ಎಲ್ಲ ಇರುತ್ತವೆ. ರನ್ನರ್‌ನಲ್ಲಿ ಇವು ಯಾವುವೂ ಇರುವುದಿಲ್ಲ.

ಇನ್ನೆರಡು ಸಂಗತಿ ಮೊದಲ ದಿನವೇ ಕಾಡುತ್ತವೆ. ರನ್ನರ್ ಸಾಮಾನ್ಯವಾಗಿ ಲಿನಕ್ಸ್. ಅಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲೋ ಮ್ಯಾಕ್‌ನಲ್ಲೋ ಸರಿಯಾಗಿ ಸಿಕ್ಕ ಫೈಲ್ ಅಲ್ಲಿ "ಸಿಗಲಿಲ್ಲ" ಅನ್ನುತ್ತದೆ. ಹಾಗೆಯೇ ರನ್ನರ್‌ನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಇರುತ್ತದೆ. ಇದರ ಪರಿಣಾಮ ಐದನೇ ಹಂತದಲ್ಲಿ ಬರುತ್ತದೆ.

ಡೇಟಾಬೇಸ್ ಅಥವಾ ಹೊರಗಿನ ಸೇವೆ ಬೇಕಾಗುವ ಟೆಸ್ಟ್‌ಗಳನ್ನು ಸದ್ಯಕ್ಕೆ ಬೇರೆ ಗುಂಪಿಗೆ ಹಾಕಿ. ಏನೂ ಬೇಡದ ಯೂನಿಟ್ ಟೆಸ್ಟ್‌ಗಳಿಂದ ಶುರು ಮಾಡಿ. ಯೂನಿಟ್ ಟೆಸ್ಟ್ ಅಂದರೆ ಒಂದು ಫಂಕ್ಷನ್ನನ್ನೋ ಕ್ಲಾಸನ್ನೋ ಒಂಟಿಯಾಗಿ ಪರೀಕ್ಷಿಸುವಂಥದ್ದು.

2. ಮೊದಲ ಸ್ವಿಚ್: ಸುಮ್ನೆ ಓಡಿಸಿ, ಯಾರನ್ನೂ ತಡೆಯಬೇಡಿ

ಪೈಪ್‌ಲೈನ್‌ಗೆ ಒಂದು ಟೆಸ್ಟ್ ಜಾಬ್ ಸೇರಿಸಿ. ಪ್ರತಿ ಪಿಆರ್‌ಗೂ ಓಡಲಿ, ಮುಖ್ಯ ಬ್ರಾಂಚ್‌ಗೆ (ಎಲ್ಲರ ಕೋಡ್ ಕೊನೆಗೆ ಸೇರುವ ಕವಲಿಗೆ) ಹೊಸ ಕೋಡ್ ಪುಶ್ ಆದಾಗಲೆಲ್ಲ ಓಡಲಿ. ಫೇಲ್ ಆದರೂ ಮರ್ಜ್ ಮಾಡಲು ಅಡ್ಡಿ ಇರಬಾರದು.

ಗಿಟ್‌ಲ್ಯಾಬ್‌ನಲ್ಲಿ ಇದಕ್ಕೆ ಜಾಬ್‌ಗೆ ಅಲೌ-ಫೇಲ್ಯೂರ್ ಅನ್ನುವ ಗುಣ ಕೊಡಿ. ಆಗ ಫೇಲ್ ಆದ ಜಾಬ್ ಕಿತ್ತಳೆ ಬಣ್ಣದ ಎಚ್ಚರಿಕೆಯಾಗಿ ಕಾಣುತ್ತದೆ, ಪೈಪ್‌ಲೈನ್ ಮುಂದುವರಿಯುತ್ತದೆ. ಗಿಟ್‌ಹಬ್‌ನಲ್ಲಿ ಏನೂ ಮಾಡುವುದೇ ಬೇಡ. ಒಂದು ಪರೀಕ್ಷೆ ಕಡ್ಡಾಯ ಅಂತ ನೀವು ಸೆಟ್ಟಿಂಗ್ಸ್‌ನಲ್ಲಿ ಹೇಳುವವರೆಗೂ ಅದು ಕೆಂಪಾಗಿದ್ದರೂ ಮರ್ಜ್ ಮಾಡಬಹುದು.

ಗಿಟ್‌ಹಬ್‌ನಲ್ಲಿ ಕಂಟಿನ್ಯೂ-ಆನ್-ಎರರ್ ಅಂತ ಒಂದು ಆಯ್ಕೆ ಇದೆ. ಟೆಸ್ಟ್ ಓಡಿಸುವ ಸ್ಟೆಪ್‌ಗೆ, ಅಂದರೆ ಜಾಬ್ ಒಳಗಿನ ಆ ಸಣ್ಣ ಕೆಲಸಕ್ಕೆ, ಅದನ್ನು ಹಾಕಬೇಡಿ. ಹಾಕಿದರೆ ಸ್ಟೆಪ್ ಬಿದ್ದರೂ ಜಾಬ್ ಹಸಿರಾಗಿಯೇ ಕಾಣುತ್ತದೆ. ಲಾಗ್ ಬಿಚ್ಚಿ ನೋಡುವವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಲಾಗ್ ಯಾರು ಬಿಚ್ಚಿ ನೋಡುತ್ತಾರೆ, ಹೇಳಿ? ತಡೆಯದಿದ್ದರೂ ಪರವಾಗಿಲ್ಲ, ಕೆಂಪು ಕೆಂಪಾಗಿಯೇ ಕಾಣಬೇಕು.

ಜಾಬ್‌ಗೆ ಒಂದು ಸಮಯದ ಮಿತಿಯನ್ನೂ ಈಗಲೇ ಹಾಕಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ನೀವು ಏನೂ ಹೇಳದಿದ್ದರೆ ಒಂದು ಜಾಬ್ 360 ನಿಮಿಷದವರೆಗೆ ಓಡಬಹುದು. ಎಲ್ಲೋ ಸಿಕ್ಕಿಹಾಕಿಕೊಂಡ ಟೆಸ್ಟ್ ಒಂದು ಆರು ಗಂಟೆ ರನ್ನರನ್ನು ಹಿಡಿದುಕೊಂಡು ಕೂರುತ್ತದೆ. ಮಾಮೂಲಿ ಸಮಯದ ಎರಡರಷ್ಟೋ ಮೂರರಷ್ಟೋ ಇಟ್ಟರೆ ಸಾಕು.

3. ಬೇಕಂತಲೇ ಒಂದು ಟೆಸ್ಟ್ ಮುರಿದು ನೋಡಿ

ಇದನ್ನು ದಯವಿಟ್ಟು ಬಿಡಬೇಡಿ. ಹಸಿರು ಟಿಕ್ ನೋಡಿ ಖುಷಿಪಡುವ ಮುಂಚೆ, ಫೇಲ್ ಆಗಲೇಬೇಕಾದ ಒಂದು ಟೆಸ್ಟ್ ಬರೆದು ಪಿಆರ್ ಹಾಕಿ. ಎರಡಕ್ಕೆ ಎರಡು ಕೂಡಿದರೆ ಐದು ಅಂತ ಬರೆದರೂ ಸಾಕು. ಕೆಂಪು ಬಂದರೆ ಸರಿ. ಹಸಿರೇ ಬಂದರೆ ನಿಮ್ಮ ಸಿಐ ಇಷ್ಟು ದಿನ ಸುಳ್ಳು ಹೇಳುತ್ತಿತ್ತು ಅಂತ ಅರ್ಥ. ಇದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಕಡೆ ಆಗುತ್ತದೆ.

ಯಾಕೆ ಹೀಗಾಗುತ್ತದೆ ಅಂತ ತಿಳಿಯಲು ಎಕ್ಸಿಟ್ ಕೋಡ್ ಗೊತ್ತಿರಬೇಕು. ಯಾವುದೇ ಕಮಾಂಡ್ ಮುಗಿಯುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. ಸೊನ್ನೆ ಅಂದರೆ ಎಲ್ಲ ಸರಿ, ಬೇರೆ ಏನೇ ಇದ್ದರೂ ತಪ್ಪು. ಪರದೆಯ ಮೇಲೆ "12 ಫೇಲ್" ಅಂತ ಎಷ್ಟೇ ಕೆಂಪಾಗಿ ಬರೆದಿದ್ದರೂ ಸಿಐ ಅದನ್ನು ಓದುವುದಿಲ್ಲ. ಅದು ನೋಡುವುದು ಈ ಸಂಖ್ಯೆಯನ್ನು ಮಾತ್ರ. ಈ ಸಂಖ್ಯೆ ದಾರಿಯಲ್ಲಿ ಕಳೆದುಹೋಗುವ ಜಾಗಗಳು ಇವು:

ಪೈಪ್. ಟೆಸ್ಟ್‌ನ ಔಟ್‌ಪುಟ್ಟನ್ನು ಫೈಲ್‌ಗೂ ಬರೆಯಬೇಕು ಅಂತ ಯಾರೋ ಕಮಾಂಡ್ ಮುಂದೆ ಪೈಪ್ (ಒಂದರ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕಳಿಸುವ ನಿಂತ ಗೆರೆ) ಹಾಕಿ "ಟೀ" ಕಮಾಂಡ್‌ಗೆ ಜೋಡಿಸಿರುತ್ತಾರೆ. ಕಮಾಂಡ್‌ಗಳನ್ನು ಓಡಿಸುವ ಬ್ಯಾಷ್ ಶೆಲ್‌ನಲ್ಲಿ ಇಡೀ ಸಾಲಿನ ಫಲಿತಾಂಶ ಕೊನೆಯ ಕಮಾಂಡ್‌ನದ್ದು. ಟೆಸ್ಟ್ ಬಿತ್ತು, ಆದರೆ ಟೀ ತನ್ನ ಕೆಲಸ ಚೆನ್ನಾಗಿಯೇ ಮಾಡಿತು, ಹಾಗಾಗಿ ಸೊನ್ನೆ. ಇದಕ್ಕೆ ಮದ್ದು ಪೈಪ್‌ಫೇಲ್ ಅನ್ನುವ ಶೆಲ್ ಆಯ್ಕೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಶೆಲ್ ಯಾವುದು ಅಂತ ನೀವು ಬರೆಯದಿದ್ದರೂ ಲಿನಕ್ಸ್ ರನ್ನರ್ ಬ್ಯಾಷನ್ನೇ ಬಳಸುತ್ತದೆ, ಆದರೆ ಆಗ ಪೈಪ್‌ಫೇಲ್ ಇರುವುದಿಲ್ಲ. ಶೆಲ್ ಬ್ಯಾಷ್ ಅಂತ ಸ್ಪಷ್ಟವಾಗಿ ಬರೆದರೆ ಮಾತ್ರ ಅದು ತಾನಾಗಿಯೇ ಬರುತ್ತದೆ. ಒಂದು ಸಾಲಿನ ವ್ಯತ್ಯಾಸ, ಅಷ್ಟೇ.

ಬಾಯಿ ಮುಚ್ಚಿಸುವ ಬಾಲ. ಕಮಾಂಡ್‌ನ ಕೊನೆಗೆ ಎರಡು ಪೈಪ್ ಗುರುತು ಹಾಕಿ ಮುಂದೆ "ಟ್ರೂ" ಅಂತ ಬರೆದಿದ್ದರೆ ಯಾವ ತಪ್ಪಾದರೂ ಸೊನ್ನೆಯೇ. ಒಂದು ಶುಕ್ರವಾರ ಸಂಜೆ "ಸದ್ಯಕ್ಕೆ" ಅಂತ ಹಾಕಿದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ. ಪೈಪ್‌ಲೈನ್ ಫೈಲ್‌ನಲ್ಲಿ ಇದನ್ನು ಹುಡುಕಿ ನೋಡಿ. ಮೇವನ್ ಅನ್ನುವ ಜಾವಾ ಬಿಲ್ಡ್ ಟೂಲ್ ಬಳಸುವವರು ಸ್ಕಿಪ್-ಟೆಸ್ಟ್ಸ್ ಅನ್ನುವ ಆಯ್ಕೆ ಎಲ್ಲಾದರೂ ಉಳಿದಿದೆಯಾ ಅಂತಲೂ ಹುಡುಕಿ.

ಸೊನ್ನೆ ಟೆಸ್ಟ್. ಇದು ಎಲ್ಲಕ್ಕಿಂತ ಕಳ್ಳ ತೊಂದರೆ. ಟೆಸ್ಟ್ ಓಡಿದೆ, ಆದರೆ ಓಡಿದ ಟೆಸ್ಟ್‌ಗಳ ಸಂಖ್ಯೆ ಸೊನ್ನೆ. ಫೋಲ್ಡರ್ ಹೆಸರು ಬದಲಾಗಿರುತ್ತದೆ, ಅಥವಾ ಫೈಲ್ ಹೆಸರು ಟೂಲ್‌ನ ನಿಯಮಕ್ಕೆ ಹೊಂದುತ್ತಿರುವುದಿಲ್ಲ. ಮೇವನ್‌ನ ಶ್ಯೂರ್‌ಫೈರ್ ಪ್ಲಗಿನ್ ಹೆಸರಿನ ಶುರುವಿನಲ್ಲೋ ಕೊನೆಯಲ್ಲೋ "ಟೆಸ್ಟ್" ಇರುವಂಥ ಕ್ಲಾಸ್‌ಗಳನ್ನೇ ಹುಡುಕುತ್ತದೆ. "ಲಾಗಿನ್‌ಚೆಕ್" ಅಂತ ಹೆಸರಿಟ್ಟರೆ ಅದನ್ನು ಮುಟ್ಟುವುದೇ ಇಲ್ಲ, ಬಿಲ್ಡ್ ಮಾತ್ರ ಪಾಸ್. ಪೈಥಾನ್‌ನ ಟೆಸ್ಟ್ ಟೂಲ್ ಪೈಟೆಸ್ಟ್ ಈ ವಿಷಯದಲ್ಲಿ ಒಳ್ಳೆಯದು: ಒಂದೂ ಟೆಸ್ಟ್ ಸಿಗದಿದ್ದರೆ 5 ಅನ್ನುವ ಎಕ್ಸಿಟ್ ಕೋಡ್ ಕೊಟ್ಟು ಫೇಲ್ ಮಾಡುತ್ತದೆ. ಪೈಥಾನ್‌ನ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಮಾತ್ರ 3.12ಕ್ಕಿಂತ ಮೊದಲು ಸೊನ್ನೆ ಟೆಸ್ಟ್ ಓಡಿಸಿ "ಓಕೆ" ಅನ್ನುತ್ತಿತ್ತು. ಜಾವಾಸ್ಕ್ರಿಪ್ಟ್‌ನ ಜೆಸ್ಟ್ ಕೂಡ ಟೆಸ್ಟ್ ಸಿಗದಿದ್ದರೆ ಫೇಲ್ ಆಗುತ್ತದೆ, ಆದರೆ ಟೆಸ್ಟ್ ಇಲ್ಲದಿದ್ದರೂ ಪಾಸ್ ಮಾಡು ಅನ್ನುವ ಆಯ್ಕೆಯೊಂದು ಅದರಲ್ಲಿದೆ. ಅದನ್ನು ಯಾರಾದರೂ ಹಾಕಿದ್ದಾರಾ ನೋಡಿ.

ಹಾಗಾಗಿ ಲಾಗ್‌ನ ಕೊನೆಯಲ್ಲಿ "ಇಷ್ಟು ಟೆಸ್ಟ್ ಓಡಿದವು" ಅನ್ನುವ ಸಾಲನ್ನು ಕಣ್ಣಾರೆ ನೋಡಿ. ನಿಮ್ಮ ಯಂತ್ರದಲ್ಲಿ 340, ಸಿಐನಲ್ಲಿ 212 ಅಂತ ಇದ್ದರೆ ಉಳಿದವು ಎಲ್ಲಿ ಹೋದವು ಅಂತ ಹುಡುಕದೆ ಮುಂದೆ ಹೋಗಬೇಡಿ.

4. ಮೊದಲಿಂದಲೂ ಫೇಲ್ ಆಗುತ್ತಿರುವ ಟೆಸ್ಟ್‌ಗಳನ್ನು ಬದಿಗಿಡಿ

ಹೊಸ ಪ್ರಾಜೆಕ್ಟ್ ಆದರೆ ಈ ಹಂತ ನಿಮಗೆ ಬೇಡ, ಐದಕ್ಕೆ ಹೋಗಿ.

ಹಳೇ ಪ್ರಾಜೆಕ್ಟ್‌ನವರು ಇಲ್ಲಿ ಮಾಡುವ ತಪ್ಪು ಒಂದೇ: "ಎಲ್ಲ ಟೆಸ್ಟ್ ಸರಿ ಮಾಡಿ ಆಮೇಲೆ ಆನ್ ಮಾಡೋಣ." ಆ ದಿನ ಬರುವುದಿಲ್ಲ. ನೀವು ಹತ್ತು ಸರಿ ಮಾಡುವಷ್ಟರಲ್ಲಿ ಇನ್ನು ಐದು ಮುರಿದಿರುತ್ತವೆ, ಯಾಕೆಂದರೆ ತಡೆಯುವವರು ಯಾರೂ ಇಲ್ಲ.

ಅದರ ಬದಲು ಇವತ್ತು ಫೇಲ್ ಆಗುವ ಟೆಸ್ಟ್‌ಗಳಿಗೆಲ್ಲ ಒಂದು ಗುರುತು ಹಾಕಿ ಪಾಸ್ ಆಗುವ ಗುಂಪಿನಿಂದ ಹೊರಗಿಡಿ. ಪೈಟೆಸ್ಟ್‌ನಲ್ಲಿ ಇದಕ್ಕೆ ಎಕ್ಸ್‌ಫೇಲ್ ಇದೆ, ಅಂದರೆ "ಇದು ಫೇಲ್ ಆಗುತ್ತದೆ ಅಂತ ಗೊತ್ತು". ಅದಕ್ಕೆ ಸ್ಟ್ರಿಕ್ಟ್ ಆಯ್ಕೆಯನ್ನೂ ಸೇರಿಸಿ. ಆಗ ಆ ಟೆಸ್ಟ್ ಯಾವತ್ತಾದರೂ ಪಾಸ್ ಆಗಿಬಿಟ್ಟರೆ ಸಿಐ ಫೇಲ್ ಆಗುತ್ತದೆ. ವಿಚಿತ್ರ ಅನಿಸಬಹುದು, ಆದರೆ ಇದರಿಂದ ಸರಿಹೋದ ಟೆಸ್ಟ್‌ನ ಗುರುತು ತೆಗೆಯಲು ಯಾರೂ ಮರೆಯುವುದಿಲ್ಲ. ಬೇರೆ ಟೂಲ್‌ಗಳಲ್ಲಿ ಸ್ಕಿಪ್ ಗುರುತು ಸಾಕು, ಜೊತೆಗೆ ಯಾಕೆ ಅಂತ ಒಂದು ಸಾಲು ಕಾರಣ.

ನಿಯಮ ಇಷ್ಟೇ: ಈ ಪಟ್ಟಿ ಚಿಕ್ಕದಾಗಬಹುದು, ದೊಡ್ಡದಾಗಬಾರದು. ಯಾರಾದರೂ ಪಿಆರ್‌ನಲ್ಲಿ ಹೊಸ ಗುರುತು ಸೇರಿಸಿದರೆ ರಿವ್ಯೂ ಮಾಡುವವರು ಕೇಳಲೇಬೇಕು.

ಪಟ್ಟಿಯನ್ನು ನೋಡುವಾಗ ಕೆಲವು ಟೆಸ್ಟ್‌ಗಳನ್ನು ಅಳಿಸಿಯೇಬಿಡಿ ಅಂತ ನನ್ನ ಸಲಹೆ. ತೆಗೆದುಹಾಕಿದ ಫೀಚರ್‌ನ ಟೆಸ್ಟ್, ಏನನ್ನು ಪರೀಕ್ಷಿಸುತ್ತದೆ ಅಂತ ಯಾರಿಗೂ ಗೊತ್ತಿಲ್ಲದ ಟೆಸ್ಟ್, ಇವುಗಳನ್ನು ಸಾಕುವುದರಲ್ಲಿ ಅರ್ಥವಿಲ್ಲ. ಬೇಕಾದರೆ ಗಿಟ್ ಇತಿಹಾಸದಲ್ಲಿ ಇದ್ದೇ ಇರುತ್ತದೆ, ಅಲ್ವಾ?

5. ಫ್ಲೇಕಿ ಟೆಸ್ಟ್‌ಗಳನ್ನು ಹಿಡಿಯಿರಿ

ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಫ್ಲೇಕಿ ಅನ್ನುತ್ತಾರೆ. ಎರಡನೇ ಸ್ವಿಚ್ ಹಾಕಲು ಅಡ್ಡಿಯಾಗಿರುವುದು ಮುಖ್ಯವಾಗಿ ಇವೇ. ಇದು ಸಣ್ಣ ತಂಡಗಳ ಕಾಯಿಲೆ ಅಂದುಕೊಳ್ಳಬೇಡಿ. ಗೂಗಲ್ 2016ರಲ್ಲಿ ತನ್ನದೇ ಲೆಕ್ಕ ಹೊರಹಾಕಿತ್ತು. ಅಲ್ಲಿನ ಟೆಸ್ಟ್‌ಗಳಲ್ಲಿ ಸುಮಾರು ಶೇ 16ರಷ್ಟರಲ್ಲಿ ಒಂದಿಷ್ಟಾದರೂ ಈ ಗುಣ ಇತ್ತು. ಪಾಸ್ ಆಗುತ್ತಿದ್ದ ಟೆಸ್ಟ್ ಫೇಲ್‌ಗೆ ತಿರುಗಿದ ಸಂದರ್ಭಗಳಲ್ಲಂತೂ ಸುಮಾರು ಶೇ 84ರಲ್ಲಿ ಫ್ಲೇಕಿ ಟೆಸ್ಟ್‌ನ ಕೈವಾಡವಿತ್ತು.

ಫ್ಲೇಕಿ ಟೆಸ್ಟ್‌ಗಳಿದ್ದಾಗಲೇ ಮರ್ಜ್ ತಡೆಯಲು ಶುರು ಮಾಡಿದರೆ "ಹುಲಿ ಬಂತು ಹುಲಿ" ಕತೆಯೇ. ಜನ ಕೆಂಪು ನೋಡಿದ ಕೂಡಲೇ ಮತ್ತೆ ಓಡಿಸುವ ಬಟನ್ ಒತ್ತುತ್ತಾರೆ. ನಿಜವಾದ ತಪ್ಪು ಬಂದಾಗಲೂ ಮೂರು ಸಲ ಒತ್ತಿದ ಮೇಲೆಯೇ ಲಾಗ್ ಓದುತ್ತಾರೆ.

ಹಿಡಿಯುವುದು ಹೇಗೆ? ಮುಖ್ಯ ಬ್ರಾಂಚ್‌ನ ಒಂದೇ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಕೋಡ್‌ನ ಸ್ಥಿತಿ) ಮೇಲೆ ಟೆಸ್ಟ್‌ಗಳನ್ನು ಹತ್ತಿಪ್ಪತ್ತು ಸಲ ಓಡಿಸಿ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿದರೆ ಇನ್ನೂ ಒಳ್ಳೆಯದು. ಒಮ್ಮೆ ಫೇಲ್ ಆಗಿ ಇನ್ನೊಮ್ಮೆ ಪಾಸ್ ಆದದ್ದೆಲ್ಲ ಪಟ್ಟಿಗೆ. ಟೆಸ್ಟ್‌ಗಳ ಕ್ರಮವನ್ನು ಕಲೆಸಿಯೂ ಓಡಿಸಿ ನೋಡಿ. ಒಂದು ಟೆಸ್ಟ್ ಡೇಟಾಬೇಸ್‌ನಲ್ಲಿ ಬಿಟ್ಟುಹೋದ ಸಾಲನ್ನು ನೆಚ್ಚಿಕೊಂಡು ಇನ್ನೊಂದು ಪಾಸ್ ಆಗುತ್ತಿದ್ದರೆ ಆಗ ಸಿಕ್ಕಿಬೀಳುತ್ತದೆ.

ಸಮಯಕ್ಕೆ ಸಂಬಂಧಿಸಿದ್ದು ಒಂದನ್ನು ಹತ್ತಿರದಿಂದ ನೋಡೋಣ. "ಕೂಪನ್ ಇವತ್ತಿನವರೆಗೆ ನಡೆಯುತ್ತದೆ" ಅನ್ನುವ ಫಂಕ್ಷನ್ ಇದೆ. ಫಂಕ್ಷನ್ ಇವತ್ತಿನ ತಾರೀಕನ್ನು ಯುಟಿಸಿಯಲ್ಲಿ ತೆಗೆದುಕೊಳ್ಳುತ್ತದೆ. ಟೆಸ್ಟ್ ಮಾತ್ರ ಯಂತ್ರದ ಸ್ಥಳೀಯ ಸಮಯದಲ್ಲಿ ತೆಗೆದುಕೊಳ್ಳುತ್ತದೆ. ದಿನದ ಬಹುಪಾಲು ಹೊತ್ತು ಎರಡೂ ಒಂದೇ ತಾರೀಕು, ಟೆಸ್ಟ್ ಪಾಸ್. ಒಂದು ಕಡೆ ಮಧ್ಯರಾತ್ರಿ ದಾಟಿ ಇನ್ನೊಂದು ಕಡೆ ದಾಟಿಲ್ಲದ ಕೆಲವು ಗಂಟೆ ಮಾತ್ರ ಫೇಲ್. ಯುಟಿಸಿಯಲ್ಲೇ ಇರುವ ರನ್ನರ್‌ನಲ್ಲಿ ಇದು ಯಾವತ್ತೂ ಫೇಲ್ ಆಗುವುದೇ ಇಲ್ಲ. ತಡರಾತ್ರಿ ಕೆಲಸ ಮಾಡುವ ಒಬ್ಬ ಡೆವಲಪರ್‌ಗೆ ಮಾತ್ರ ಆಗುತ್ತದೆ, ಉಳಿದವರು "ನಿನ್ನ ಯಂತ್ರದ್ದೇ ಏನೋ ತೊಂದರೆ" ಅಂತ ಕೈತೊಳೆದುಕೊಳ್ಳುತ್ತಾರೆ. ಪರಿಹಾರ: ಫಂಕ್ಷನ್ ತಾನೇ ಗಡಿಯಾರ ನೋಡದೆ ತಾರೀಕನ್ನು ಹೊರಗಿನಿಂದ ಪಡೆಯುವಂತೆ ಬರೆಯಿರಿ. ಟೆಸ್ಟ್‌ನಲ್ಲಿ ಒಂದು ಗೊತ್ತಾದ ತಾರೀಕು ಕೊಡಿ.

ಉಳಿದ ಕಾರಣಗಳು ನಿಮಗೆ ಗೊತ್ತಿರುವಂಥವೇ. "ಎರಡು ಸೆಕೆಂಡ್ ಕಾಯು" ಅಂತ ಬರೆದ ಸ್ಲೀಪ್, ಹೊರಗಿನ ಸೇವೆಗೆ ಹೋಗುವ ಕರೆ, ಎರಡು ಟೆಸ್ಟ್ ಒಂದೇ ನೆಟ್‌ವರ್ಕ್ ಪೋರ್ಟ್ ಕೇಳುವುದು. ಸ್ಲೀಪ್ ಬದಲು ಬೇಕಾದ ಸ್ಥಿತಿ ಬರುವವರೆಗೆ ಆಗಾಗ ನೋಡುತ್ತಾ ಕಾಯುವಂತೆ ಬರೆಯಿರಿ.

ಫೇಲ್ ಆದ ಟೆಸ್ಟ್ ತಾನಾಗಿಯೇ ಮತ್ತೆ ಓಡುವ ಸೌಲಭ್ಯ ಶ್ಯೂರ್‌ಫೈರ್‌ನಲ್ಲೂ ಪೈಟೆಸ್ಟ್‌ನ ಪ್ಲಗಿನ್‌ಗಳಲ್ಲೂ ಇದೆ. ಬಳಸಬಹುದೇ? ಬಳಸಿ, ಆದರೆ ಎರಡನೇ ಸಲ ಪಾಸ್ ಆದದ್ದರ ವರದಿ ಯಾರದ್ದಾದರೂ ಕಣ್ಣಿಗೆ ಬೀಳಬೇಕು. ವರದಿ ಇಲ್ಲದ ರೀಟ್ರೈ ಅಂದರೆ ತೊಂದರೆಯನ್ನು ಚಾಪೆ ಕೆಳಗೆ ತಳ್ಳಿದ ಹಾಗೆ. ಎಷ್ಟೋ ಸಲ ಫ್ಲೇಕಿ ಆಗಿರುವುದು ಟೆಸ್ಟ್ ಅಲ್ಲ, ನಿಮ್ಮ ಪ್ರೋಗ್ರಾಮೇ. ಎರಡು ಥ್ರೆಡ್ ಒಂದೇ ಡೇಟಾಗೆ ಕೈ ಹಾಕುವ ತಪ್ಪು ಹೊರಗೆ ಕಾಣುವುದು ಹೀಗೆಯೇ.

ಪಟ್ಟಿಯಲ್ಲಿರುವುದನ್ನು ಕ್ವಾರಂಟೈನ್ ಮಾಡಿ: ಬೇರೆ ಜಾಬ್‌ನಲ್ಲಿ ಓಡಲಿ, ಯಾರನ್ನೂ ತಡೆಯದಿರಲಿ. ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ಗಡುವು. ಗಡುವು ದಾಟಿದರೆ ಅಳಿಸಿ.

6. ಎರಡನೇ ಸ್ವಿಚ್: ಈಗ ತಡೆಯಿರಿ

ಯಾವಾಗ ಸಿದ್ಧ ಅಂತ ತಿಳಿಯುವುದು ಹೇಗೆ? ನಾನು ನೋಡುವುದು ಹೀಗೆ. ಇತ್ತೀಚೆಗೆ ಮುಖ್ಯ ಬ್ರಾಂಚ್‌ನಲ್ಲಿ ಬಂದ ಕೆಂಪುಗಳನ್ನೆಲ್ಲ ಒಂದೊಂದಾಗಿ ತೆಗೆದು ಕಾರಣ ಓದುತ್ತೇನೆ. ಬಹುಪಾಲು ನಿಜವಾದ ತಪ್ಪುಗಳಾಗಿದ್ದರೆ ತಂಡ ಸಿದ್ಧ. ನೆಟ್‌ವರ್ಕ್, ರನ್ನರ್, ಫ್ಲೇಕಿ ಅನ್ನುವ ಕಾರಣಗಳೇ ಜಾಸ್ತಿ ಇದ್ದರೆ ಐದಕ್ಕೆ ವಾಪಸ್. ಎರಡನೆಯದು ಸಮಯ. ಟೆಸ್ಟ್ ಮುಗಿಯಲು ನಲವತ್ತು ನಿಮಿಷ ಬೇಕಾದರೆ ತಡೆ ಹಾಕಿದ ಮಾರನೇ ದಿನದಿಂದಲೇ ಜನ ಒಳದಾರಿ ಹುಡುಕುತ್ತಾರೆ. ಹತ್ತು ನಿಮಿಷದ ಬಿಲ್ಡ್ ಅನ್ನುವುದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನವರು ಹಾಕಿಕೊಟ್ಟ ಹಳೇ ಅಳತೆ. ಇವತ್ತಿಗೂ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಗಿಟ್‌ಹಬ್‌ನಲ್ಲಿ ಬ್ರಾಂಚ್ ರಕ್ಷಣೆಯ ನಿಯಮಗಳಿಗೆ ಹೋಗಿ, ಮುಖ್ಯ ಬ್ರಾಂಚ್‌ಗೆ ಸ್ಟೇಟಸ್ ಚೆಕ್ ಕಡ್ಡಾಯ ಮಾಡಿ, ನಿಮ್ಮ ಟೆಸ್ಟ್ ಜಾಬ್ ಆರಿಸಿ. ಗಿಟ್‌ಲ್ಯಾಬ್‌ನಲ್ಲಿ ಪೈಪ್‌ಲೈನ್ ಪಾಸ್ ಆಗಲೇಬೇಕು ಅನ್ನುವ ಆಯ್ಕೆ ಮರ್ಜ್ ರಿಕ್ವೆಸ್ಟ್ ಸೆಟ್ಟಿಂಗ್ಸ್‌ನಲ್ಲಿದೆ. ಎರಡನೇ ಹಂತದಲ್ಲಿ ಹಾಕಿದ್ದ ಅಲೌ-ಫೇಲ್ಯೂರ್ ತೆಗೆಯಲು ಮರೆಯಬೇಡಿ. ಕೆಲಸ ಎರಡು ನಿಮಿಷದ್ದು. ಕಾಲು ಜಾರಿ ಬೀಳುವ ಹಳ್ಳಗಳು ಮಾತ್ರ ಹಲವು, ಅದೂ ಗಿಟ್‌ಹಬ್‌ನಲ್ಲಿ:

ಜಾಬ್‌ನ ಹೆಸರು ಬದಲಿಸಿದರೆ ನಿಯಮ ಹಳೇ ಹೆಸರಿಗೇ ಕಾಯುತ್ತಾ ಕೂರುತ್ತದೆ. ಅದು ಯಾವತ್ತೂ ಬರುವುದಿಲ್ಲ, ಪಿಆರ್ ಮುಂದೆ ಹೋಗುವುದಿಲ್ಲ. ಹೆಸರು ಬದಲಿಸಿದ ದಿನವೇ ನಿಯಮವನ್ನೂ ಬದಲಿಸಿ.

ಡಾಕ್ಯುಮೆಂಟ್ ಮಾತ್ರ ಬದಲಾದರೆ ಟೆಸ್ಟ್ ಯಾಕೆ ಅಂತ ವರ್ಕ್‌ಫ್ಲೋಗೆ (ಗಿಟ್‌ಹಬ್‌ನಲ್ಲಿ ಪೈಪ್‌ಲೈನ್‌ನ ಹೆಸರು) ಪಾಥ್ ಫಿಲ್ಟರ್ ಹಾಕುತ್ತಾರೆ, ಅಂದರೆ ಇಂಥ ಫೋಲ್ಡರ್ ಬದಲಾದರೆ ಮಾತ್ರ ಓಡು ಅನ್ನುವ ಷರತ್ತು. ಆಗ ಓಡದೇ ಉಳಿದ ಕಡ್ಡಾಯ ಪರೀಕ್ಷೆ "ಬಾಕಿ ಇದೆ" ಅಂತಲೇ ಉಳಿದು ಮರ್ಜ್ ನಿಲ್ಲಿಸುತ್ತದೆ. ಅದರ ಬದಲು ವರ್ಕ್‌ಫ್ಲೋ ಯಾವಾಗಲೂ ಶುರುವಾಗಲಿ, ಜಾಬ್‌ನ ಒಳಗೆ ಷರತ್ತು ಹಾಕಿ. ಷರತ್ತಿನಿಂದ ಸ್ಕಿಪ್ ಆದ ಜಾಬನ್ನು ಗಿಟ್‌ಹಬ್ ಪಾಸ್ ಅಂತ ಎಣಿಸುತ್ತದೆ.

ಈ ಕೊನೆಯ ವಾಕ್ಯದಲ್ಲೇ ಇನ್ನೊಂದು ಹಳ್ಳ ಇದೆ. ಪ್ರೋಗ್ರಾಮಿಂಗ್ ಭಾಷೆಯ ಹಲವು ಆವೃತ್ತಿಗಳಲ್ಲಿ ಟೆಸ್ಟ್ ಓಡಿಸುವವರು ಎಲ್ಲದರ ಕೊನೆಗೆ "ಎಲ್ಲ ಆಯ್ತು" ಅನ್ನುವ ಒಂದು ಜಾಬ್ ಇಟ್ಟು ಅದೊಂದನ್ನೇ ಕಡ್ಡಾಯ ಮಾಡುತ್ತಾರೆ. ಒಳ್ಳೆಯ ಉಪಾಯ. ಆದರೆ ಮುಂಚಿನ ಜಾಬ್ ಫೇಲ್ ಆದರೆ ಈ ಕೊನೆಯದು ಸ್ಕಿಪ್ ಆಗುತ್ತದೆ. ಸ್ಕಿಪ್ ಅಂದರೆ ಪಾಸ್. ಟೆಸ್ಟ್ ಬಿದ್ದಿದೆ, ಮರ್ಜ್ ಬಾಗಿಲು ತೆರೆದಿದೆ! ಆ ಜಾಬ್‌ಗೆ "ಏನೇ ಆದರೂ ಓಡು" ಅನ್ನುವ ಆಲ್ವೇಸ್ ಷರತ್ತು ಹಾಕಿ, ಒಳಗೆ ಮುಂಚಿನ ಜಾಬ್‌ಗಳ ಫಲಿತಾಂಶ ನೋಡಿ, ಪಾಸ್ ಆಗದಿದ್ದರೆ ಕೈಯಾರೆ ಫೇಲ್ ಮಾಡಿ. ಮೂರನೇ ಹಂತದ ಮುರಿದ ಟೆಸ್ಟ್ ಪ್ರಯೋಗವನ್ನು ಇಲ್ಲಿ ಇನ್ನೊಮ್ಮೆ ಮಾಡಿ.

ಅಡ್ಮಿನ್‌ಗಳು ನಿಯಮ ದಾಟಿ ಮರ್ಜ್ ಮಾಡಬಹುದೇ ಅನ್ನುವುದನ್ನೂ ಇಲ್ಲೇ ತೀರ್ಮಾನಿಸಿ. ತುರ್ತಿಗೆ ಒಂದು ದಾರಿ ಇರಲಿ ಅಂತ ನನ್ನ ಅಭಿಪ್ರಾಯ, ಆದರೆ ಯಾರು ಯಾಕೆ ಬಳಸಿದರು ಅಂತ ಬರೆದಿಡಬೇಕು. ಟೆಸ್ಟ್ ಕವರೇಜ್ (ಕೋಡ್‌ನ ಎಷ್ಟು ಭಾಗವನ್ನು ಟೆಸ್ಟ್ ಮುಟ್ಟುತ್ತದೆ ಅನ್ನುವುದು) ಶೇಕಡಾವಾರು ಮಿತಿಯನ್ನು ಮಾತ್ರ ಈಗ ಕಡ್ಡಾಯ ಮಾಡಬೇಡಿ. ಸಂಖ್ಯೆ ತುಂಬಿಸಲು ಏನನ್ನೂ ಪರೀಕ್ಷಿಸದ ಟೆಸ್ಟ್‌ಗಳು ಹುಟ್ಟಿಕೊಳ್ಳುತ್ತವೆ.

7. ಯಾವ ಟೆಸ್ಟ್ ಯಾವ ಹೊತ್ತಿಗೆ

ಎಲ್ಲ ಟೆಸ್ಟ್‌ಗಳೂ ಪ್ರತಿ ಪಿಆರ್‌ಗೆ ಓಡಬೇಕಿಲ್ಲ. ವೇಗವಾಗಿ ಮುಗಿಯುವ, ನಂಬಬಹುದಾದ ಯೂನಿಟ್ ಟೆಸ್ಟ್‌ಗಳು, ಜೊತೆಗೆ ಮುಖ್ಯವಾದ ಕೆಲವು ಇಂಟಿಗ್ರೇಷನ್ ಟೆಸ್ಟ್‌ಗಳು ಪಿಆರ್‌ಗೆ. ಇಂಟಿಗ್ರೇಷನ್ ಅಂದರೆ ಹಲವು ಭಾಗಗಳನ್ನು ಜೋಡಿಸಿ ಪರೀಕ್ಷಿಸುವಂಥವು. ಬ್ರೌಸರ್ ತೆರೆದು ಕ್ಲಿಕ್ ಮಾಡುವ ನಿಧಾನದ ಟೆಸ್ಟ್‌ಗಳು ಮರ್ಜ್ ಆದ ಮೇಲೆ. ಲೋಡ್ ಟೆಸ್ಟ್, ಗಂಟೆಗಟ್ಟಲೆ ಹಿಡಿಯುವಂಥವು ರಾತ್ರಿಗೆ.

ಪಿಆರ್‌ನಲ್ಲಿ ಪಾಸ್ ಆಯ್ತು ಅಂತ ಮುಖ್ಯ ಬ್ರಾಂಚ್‌ನಲ್ಲಿ ಟೆಸ್ಟ್ ಓಡಿಸುವುದನ್ನು ಬಿಡಬೇಡಿ. ಒಬ್ಬರು ಫಂಕ್ಷನ್‌ನ ಹೆಸರು ಬದಲಿಸುತ್ತಾರೆ, ಇನ್ನೊಬ್ಬರು ಹಳೇ ಹೆಸರಿನಲ್ಲಿ ಹೊಸ ಕರೆ ಬರೆಯುತ್ತಾರೆ. ಎರಡೂ ಪಿಆರ್ ಹಸಿರು, ಗಿಟ್‌ಗೂ ಘರ್ಷಣೆ ಕಾಣುವುದಿಲ್ಲ, ಎರಡೂ ಸೇರಿದ ಮೇಲೆ ಕೆಂಪು. ತಂಡ ದೊಡ್ಡದಾಗಿ ಇದು ವಾರಕ್ಕೊಮ್ಮೆ ಆಗತೊಡಗಿದರೆ ಮರ್ಜ್ ಕ್ಯೂ ನೋಡಿ. ಅದು ಪಿಆರ್‌ಗಳನ್ನು ಸಾಲಾಗಿ ನಿಲ್ಲಿಸಿ, ಸೇರಿದ ಮೇಲೆ ಕೋಡ್ ಹೇಗಿರುತ್ತದೋ ಅದನ್ನೇ ಪರೀಕ್ಷಿಸಿ ಪಾಸ್ ಆದರೆ ಮಾತ್ರ ಒಳಗೆ ಬಿಡುತ್ತದೆ. ರಸ್ಟ್ ಭಾಷೆಯ ಪ್ರಾಜೆಕ್ಟ್ ಬೋರ್ಸ್ ಅನ್ನುವ ಬಾಟ್ ಇಟ್ಟುಕೊಂಡು ಇದನ್ನೇ ಮಾಡಿಕೊಂಡು ಬಂದಿದೆ. ಗಿಟ್‌ಹಬ್‌ನ ಕ್ಯೂ ಬಳಸುವವರು ವರ್ಕ್‌ಫ್ಲೋಗೆ ಮರ್ಜ್-ಗ್ರೂಪ್ ಅನ್ನುವ ಈವೆಂಟ್ (ಓಟ ಶುರುಮಾಡಿಸುವ ಘಟನೆ) ಸೇರಿಸಬೇಕು. ಸೇರಿಸದಿದ್ದರೆ ಕ್ಯೂನಲ್ಲಿ ಟೆಸ್ಟ್ ಶುರುವಾಗುವುದೇ ಇಲ್ಲ.

ರಾತ್ರಿ ಓಟಕ್ಕೆ ಎರಡು ಎಚ್ಚರಿಕೆ. ಗಿಟ್‌ಹಬ್‌ನ ವೇಳಾಪಟ್ಟಿ ಸುಮ್ಮನೆ ಬಿಟ್ಟರೆ ಯುಟಿಸಿಯಲ್ಲಿ ಓಡುತ್ತದೆ, ನಿಮ್ಮ ರಾತ್ರಿ ಅದರ ರಾತ್ರಿ ಅಲ್ಲ. ಪಬ್ಲಿಕ್ ರೆಪೊಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಆ ಓಟವನ್ನು ಅದು ತಾನಾಗಿಯೇ ನಿಲ್ಲಿಸುತ್ತದೆ. ಬೆಳಿಗ್ಗೆ ಫಲಿತಾಂಶ ನೋಡಲು ಒಬ್ಬರನ್ನು ಗೊತ್ತುಮಾಡಿ. ಯಾರೂ ನೋಡದ ರಾತ್ರಿ ಓಟ ವಿದ್ಯುತ್ ದಂಡ.

8. ಹೊರಗಿನವರ ಪಿಆರ್ ಬರುವ ಪ್ರಾಜೆಕ್ಟ್ ಆದರೆ

ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಫೋರ್ಕ್‌ನಿಂದ, ಅಂದರೆ ಬೇರೆಯವರ ಪ್ರತಿಯಿಂದ, ಪಿಆರ್ ಬಂದಾಗ ಗಿಟ್‌ಹಬ್ ನಿಮ್ಮ ಸೀಕ್ರೆಟ್‌ಗಳನ್ನು ಆ ಓಟಕ್ಕೆ ಕೊಡುವುದಿಲ್ಲ. ಸೀಕ್ರೆಟ್ ಅಂದರೆ ಪಾಸ್‌ವರ್ಡ್, ಎಪಿಐ ಕೀ ಇಂಥವು. ಹಾಗಾಗಿ ಕೀ ಬೇಕಾಗುವ ಟೆಸ್ಟ್‌ಗಳು ಅಲ್ಲಿ ಫೇಲ್ ಆಗುತ್ತವೆ. ಅವುಗಳನ್ನು ಪಿಆರ್ ಗುಂಪಿನಿಂದ ತೆಗೆದು ಮರ್ಜ್ ಆದ ಮೇಲಿನ ಓಟಕ್ಕೆ ಹಾಕಿ.

ಇದಕ್ಕೆ ಪುಲ್-ರಿಕ್ವೆಸ್ಟ್-ಟಾರ್ಗೆಟ್ ಅನ್ನುವ ಈವೆಂಟ್ ಬಳಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಅದು ಸೀಕ್ರೆಟ್‌ಗಳ ಜೊತೆ ಓಡುತ್ತದೆ. ಅದರೊಳಗೆ ಹೊರಗಿನವರ ಕೋಡನ್ನು ಇಳಿಸಿಕೊಂಡು ಟೆಸ್ಟ್ ಓಡಿಸಿದರೆ ಅಪರಿಚಿತರ ಕೋಡ್ ಕೈಗೆ ನಿಮ್ಮ ಕೀಗಳೆಲ್ಲ ಹೋದಂತೆಯೇ.

ಆನ್ ಮಾಡದಿದ್ದರೂ ನಡೆಯುವುದು ಯಾವಾಗ?

ವಾರದಲ್ಲಿ ಬಿಸಾಡುವ ಪ್ರಯೋಗದ ಕೋಡ್ ಆದರೆ ಬೇಡ. ವಿಶೇಷ ಹಾರ್ಡ್‌ವೇರ್ ಬೇಕಾದ, ಪ್ರತಿ ಓಟಕ್ಕೂ ಹಣ ಖರ್ಚಾಗುವ ಟೆಸ್ಟ್‌ಗಳನ್ನು ರಿಲೀಸ್‌ಗೆ ಮುಂಚೆ ಕೈಯಾರೆ ಶುರು ಮಾಡುವ ಜಾಬ್ ಆಗಿ ಇಡಿ. "ನಾನೊಬ್ಬನೇ ಕೆಲಸ ಮಾಡೋದು, ನನಗೆ ಯಾಕೆ" ಅನ್ನುವವರಿಗೆ ಮೊದಲ ಸ್ವಿಚ್ ಬೇಕೇ ಬೇಕು. ಎರಡನೆಯದು ನಿಮ್ಮಿಷ್ಟ.

ತಡೆ ಹಾಕಿದ ಮೇಲೂ ಒಂದು ದಿನ ಮುಖ್ಯ ಬ್ರಾಂಚ್ ಕೆಂಪಾಗುತ್ತದೆ. ಆಗ ಯಾರು ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಹತ್ತು ನಿಮಿಷದಲ್ಲಿ ಸರಿಮಾಡಲು ಆಗುವಂತಿದ್ದರೆ ಮಾಡಿ, ಇಲ್ಲದಿದ್ದರೆ ಕೊನೆಯ ಬದಲಾವಣೆಯನ್ನು ರಿವರ್ಟ್ ಮಾಡಿ (ಹಿಂದಕ್ಕೆ ತೆಗೆದು), ಬ್ರಾಂಚ್ ಹಸಿರಾದ ಮೇಲೆ ನಿಧಾನವಾಗಿ ಕಾರಣ ಹುಡುಕಿ. ಬರೆದವರು ಊಟಕ್ಕೆ ಹೋಗಿದ್ದರೂ ಸರಿ, ರಿವರ್ಟ್ ಮಾಡಲು ಅವರನ್ನು ಕಾಯಬೇಡಿ. ಮಾಡಿ, ಒಂದು ಮೆಸೇಜ್ ಹಾಕಿ.